ಹಾರ್ನು ಕಟ್ಟದ ವಾಲ್ವ್ ಸೆಟ್ಟು

"ಹಾರ್ನು ಕಟ್ದೆ ಆ ವಾಲ್ವ್ ಸೆಟ್ಟನ್ನ ಹಚ್ಬ್ಯಾಡಪ್ಪ ಓಬಣ್ಣ," ಎಂದಳು ಕಾಳಕ್ಕ. ಒಲೆಯ ಮುಂದೆ ಕೂತಿದ್ದವಳು ಊದುಗೊಳವೆ ಕೆಳಗಿಟ್ಟು, ಅಳಿಯನ ಕಡೆ ಪೂರಾ ತಿರುಗಿ, ಇನ್ನೊಂದು ಮಾತು ಸೇರಿಸಿದಳು. "ಹಚ್ಚಿದ್ರೆ ಅದು ಹಚ್ಚಿದೋನ ಗಂಟ್ಲನ್ನೇ ಹಾರ್ನು ಮಾಡ್ಕಂತೈತೆ."

ಓಬಣ್ಣ ನಕ್ಕುಬಿಟ್ಟ. "ಒಳ್ಳೇದೇ ಆತಲ್ಲ ಅತ್ತೆ. ಹಾರ್ನು ಹೊತ್ಕಂಡು ಮರ ಹತ್ತೋದಾದ್ರೂ ತಪ್ತೈತೆ."

ಕಾಳಕ್ಕ ನಗಲಿಲ್ಲ. "ಹಂಗಾರೆ ಹಚ್ತೀಯಾ? ಬಾಯ್ಬಿಟ್ಟು ಹೇಳು."

"ಹಚ್ತೀನಿ. ನಂಗೇನು ಭಯ?"

ಅವಳು ಮತ್ತೆ ಒಲೆಯ ಕಡೆ ತಿರುಗಿದಳು. ಚೆನ್ನಾಗಿ ಉರಿಯುತ್ತಿದ್ದ ಬೆಂಕಿಯನ್ನೇ ಮತ್ತೆ ಮತ್ತೆ ಊದಿದಳು. ವಯಸ್ಸಾಯಿತು ಪಾಪ, ಎಂದುಕೊಂಡ ಓಬಣ್ಣ.

ಓಬಣ್ಣ ಹಿರಿಯೂರಿನವನು. ಚಿತ್ರದುರ್ಗದ ಒಂದು ರೇಡಿಯೋ ಅಂಗಡಿಯಲ್ಲಿ ಆರು ವರ್ಷ ಬೆಸುಗೆಯ ಹೊಗೆ ಕುಡಿದು ಟ್ರಾನ್ಸಿಸ್ಟರ್ ಕೆಲಸ ಕಲಿತವನು. ಕಣ್ಣಿಗೆ ಕಾಣದ್ದು, ಮೀಟರಿಗೆ ಸಿಗದ್ದು ಲೋಕದಲ್ಲಿ ಇಲ್ಲವೇ ಇಲ್ಲ ಎಂಬುದು ಅವನ ವಾದ. ಹೊಳಲ್ಕೆರೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಪಾಪಣ್ಣನ ಒಬ್ಬಳೇ ಮಗಳು ಹುಲಿಗೆಮ್ಮನನ್ನು ಕೈಹಿಡಿದು, ಮನೆ ಅಳಿಯನಾಗಿ ಬಂದು, ಎಪ್ಪತ್ತಾರನೆಯ ಇಸವಿಯ ಆ ಬೇಸಗೆಗೆ ಸರಿಯಾಗಿ ವರ್ಷ ತುಂಬಿತ್ತು. ಹುಲಿಗೆಮ್ಮನಿಗೆ ಮಾತಿರಲಿಲ್ಲ. ಒಂಬತ್ತು ವರ್ಷದವರೆಗೆ ಬೀದಿಯೇ ಎದ್ದು ಕೂರುವಂತೆ ಕೂಗಾಡುತ್ತಿದ್ದ ಹುಡುಗಿಯಂತೆ. ಒಂದು ದಿನ ಜ್ವರ ಬಂತು, ದನಿ ಹೋಯಿತು, ಎಂದು ಮನೆಯವರು ಹೇಳಿದ್ದರು. ಮಾತಿಲ್ಲದ ಹೆಣ್ಣನ್ನು ವರದಕ್ಷಿಣೆಯ ಸೊಲ್ಲೆತ್ತದೆ ಕಟ್ಟಿಕೊಂಡನಲ್ಲ, ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ಹೊಗಳಿಕೆ ಯಾರಿಗೆ ಬೇಡ? ಓಬಣ್ಣನೂ ಅದನ್ನು ನಂಬಿದ.

ಅವನ ಆಸ್ತಿಯೆಂದರೆ ದನಿ. ಟೆಂಟ್ ಸಿನಿಮಾದ ಜೀಪಿನಲ್ಲಿ ಕೂತು ಅವನು "ಮಹಾಜನಗಳೇ" ಎಂದರೆ ಸಾಕು, ಹೊಸದುರ್ಗದ ಸಂತೆಯಲ್ಲಿ ತಕ್ಕಡಿ ಹಿಡಿದ ಕೈಗಳು ನಿಲ್ಲುತ್ತಿದ್ದವು. ನಾಟಕವಾಗಲಿ, ಕುಸ್ತಿಯಾಗಲಿ, ಕೂಗಿ ಹೇಳುವುದಕ್ಕೆ ಅವನೇ ಬೇಕು. ಕಾಳಕ್ಕ ಎಚ್ಚರಿಕೆ ಕೊಟ್ಟ ಆ ಶನಿವಾರವೇ ಬೆಳಿಗ್ಗೆ ಭದ್ರಾವತಿ ಆಕಾಶವಾಣಿಯಿಂದ ಕಾಗದ ಬಂದಿತ್ತು. ಬರುವ ಗುರುವಾರ ಧ್ವನಿ ಪರೀಕ್ಷೆ. ಕಾಗದವನ್ನು ಅವನು ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದಿದ. ಮನೆಯವರು ಹಿಗ್ಗುತ್ತಾರೆ ಎಂದುಕೊಂಡಿದ್ದ. ಅತ್ತೆ ಮಾವ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪಣ್ಣ, "ಗುರುವಾರಾನೇ ಏನಪ್ಪ?" ಎಂದ. ಇನ್ನೊಮ್ಮೆ ಅದನ್ನೇ ಕೇಳಿದ.

ಹುಲಿಗೆಮ್ಮ ಮಾತ್ರ ಎಂದಿನಂತೆ ಅವನ ತುಟಿಗಳನ್ನೇ ನೋಡುತ್ತಿದ್ದಳು. ಅವನು ಮಾತಾಡುವಾಗ ಅವಳ ಕಣ್ಣು ಅಲ್ಲಿಂದ ಕದಲುತ್ತಿರಲಿಲ್ಲ. ತನ್ನ ದನಿಯ ಮೇಲೆ ಅವಳಿಗೆ ಎಷ್ಟು ಮೋಹ ಎಂದು ಓಬಣ್ಣನಿಗೆ ಒಳಗೊಳಗೇ ಹೆಮ್ಮೆ. ಒಂದು ಸಲ ಅವಳ ಗಲ್ಲ ಹಿಡಿದು, "ನಿಂಗೆ ಮಾತು ಬಂದ್ರೆ ಮೊದ್ಲು ನನ್ನ ಹೆಸ್ರು ಹಿಡಿದು ಕೂಗ್ಬೇಕು ನೋಡು. ಗಂಡನ ಹೆಸ್ರು ಹೇಳಬಾರ್ದು ಅನ್ನೋದೆಲ್ಲ ಬ್ಯಾರೆಯೋರಿಗೆ," ಎಂದಿದ್ದ. ಅವಳ ಕಣ್ಣು ತುಂಬಿ ಬಂದಿತ್ತು. ಅವಳಿಗಾಗಿ ಅವನು ಏನು ಬೇಕಾದರೂ ಮಾಡುತ್ತಿದ್ದ. ಇದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ವಾಲ್ವ್ ಸೆಟ್ಟಿನ ವಿಷಯಕ್ಕೆ ಬಂದರೆ ಮಾವ ಅಳಿಯರಿಗೆ ಎಣ್ಣೆ ಸೀಗೆಕಾಯಿ. ಹಿತ್ತಲ ಕಡೆಯ ಕಿಟಕಿಯಿಲ್ಲದ ಕೋಣೆಯಲ್ಲಿ, ಕೆಂಪು ಬಟ್ಟೆ ಹೊದ್ದು ಕೂತಿತ್ತು ಅದು. ಐವತ್ತಮೂರರಲ್ಲಿ ತಂದ ಆಂಪ್ಲಿಫೈಯರು. ಒಳಗೆ ಆರು ಗಾಜಿನ ವಾಲ್ವುಗಳು. ಹಚ್ಚಿದರೆ ಅವು ಕೆಂಪಗೆ ಕಾಯಬೇಕು, ಕಾದ ಮೇಲೇ ದನಿ. ಪಾಪಣ್ಣ ಅದನ್ನು ಬಾಡಿಗೆಗೂ ಕೊಡುತ್ತಿರಲಿಲ್ಲ, ಮಾರುತ್ತಲೂ ಇರಲಿಲ್ಲ. ಅಮಾವಾಸ್ಯೆಗೊಮ್ಮೆ ಅದರ ಮೇಲೊಂದು ನಿಂಬೆಹಣ್ಣು ಇಟ್ಟು ಬಾಗಿಲು ಎಳೆದುಕೊಂಡು ಬರುತ್ತಿದ್ದ.

"ಎರಡಾಳು ಎತ್ಬೇಕು ಅದನ್ನ," ಎಂದು ಓಬಣ್ಣ ರೇಗಿಸುತ್ತಿದ್ದ. "ಕರೆಂಟು ತಿನ್ನಾಕೆ ಮುಂದು, ಬಾಯಿ ಬಿಡಾಕೆ ಹಿಂದು. ನನ್ ಸೆಟ್ಟು ನೋಡ್ರಿ ಮಾವ, ಕಂಕುಳಾಗೆ ಹಿಡಿಸ್ತೈತೆ. ಒತ್ತಿದ್ರೆ ಮಾತು."

"ಮಾತೇನೋ ಬರ್ತೈತೆ," ಎನ್ನುತ್ತಿದ್ದ ಪಾಪಣ್ಣ. "ತಗಡು ಬಡಿದಂಗೆ ಬರ್ತೈತೆ. ವಾಲ್ವಿನ ದನಿಗೆ ಉಸಿರೈತೆ ಕಣಪ್ಪ. ಹಾಡಿದೋನು ಎದುರಿಗೇ ಬಂದು ನಿಂತಂಗೆ ಆಗ್ತೈತೆ. ನಿಂತೇ ಇರ್ತಾನೆ, ಅದೇ ತಾಪತ್ರಯ."

ಕೊನೆಯ ಮಾತನ್ನು ಓಬಣ್ಣ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸುತ್ತಿನ ಹಳ್ಳಿಗಳ ದೊಡ್ಡ ಮನೆಗಳವರು ಇವತ್ತಿಗೂ "ನಮ್ ಮದ್ವೆಗೆ ವಾಲ್ವ್ ಸೆಟ್ ತರ್ಸಿದ್ವಿ" ಎಂದು ಮೀಸೆ ತಿರುವುತ್ತಿದ್ದದ್ದನ್ನು ಕಂಡರೂ ಅವನಿಗೆ ನಗುವೇ. ಭಾರ ಇದ್ದದ್ದೆಲ್ಲ ಬೆಲೆಯುಳ್ಳದ್ದು ಎನ್ನುವ ಜನ! ಶನಿವಾರ ಸಂಜೆ ಹೋಟೆಲಿನಲ್ಲಿ ಟೀ ಕುಡಿಯುತ್ತ ಅತ್ತೆಯ ಎಚ್ಚರಿಕೆಯನ್ನು ಅತ್ತೆಯ ದನಿಯಲ್ಲೇ ಅಣಕಿಸಿ ಹೇಳಿದ. ಅಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಭಾನುವಾರ ಪಕ್ಕದ ಬೀದಿಯಲ್ಲೊಂದು ನಿಶ್ಚಿತಾರ್ಥ. ಓಬಣ್ಣ ತನ್ನ ಟ್ರಾನ್ಸಿಸ್ಟರ್ ಸೆಟ್ಟು ಒಯ್ದು, ಹಾರ್ನು ಕಟ್ಟಿ, ಹಾಡು ಹಾಕಿದ. ಎರಡು ಸಾಲು ಹಾಡಿರಬೇಕು, ಪೆಟ್ಟಿಗೆ ಟಪ್ ಎಂದು, ಸುಟ್ಟ ವಾಸನೆ ಹಬ್ಬಿತು. ಹಾರ್ನಿಗೆ ಹೋಗುವ ಜೋಡಿ ವೈರನ್ನು ಬೆರಳಲ್ಲಿ ಸವರುತ್ತ ಹೋದಾಗ, ಒಂದು ಕಡೆ ಎರಡೂ ತಂತಿಗಳನ್ನು ಸೇರಿಸಿ ಗುಂಡುಪಿನ್ನು ಚುಚ್ಚಿದ್ದು ಕೈಗೆ ಸಿಕ್ಕಿತು. ತಂತಿಗೆ ತಂತಿ ತಾಗಿದರೆ ಟ್ರಾನ್ಸಿಸ್ಟರಿಗೆ ಅಲ್ಲಿಗೇ ಮೋಕ್ಷ. ಯಾವುದೋ ಚೇಷ್ಟೆಯ ಮಕ್ಕಳ ಕೆಲಸ ಎಂದು ಬೈದುಕೊಂಡ. ಹೊಸ ಟ್ರಾನ್ಸಿಸ್ಟರು ದಾವಣಗೆರೆಯಿಂದ ಬರಬೇಕು, ನಾಲ್ಕು ದಿನ.

ಸೋಮವಾರ ಬೆಳಕು ಹರಿಯುವಾಗಲೇ ಪಾಪಣ್ಣ ಎರಡೂ ಹಾರ್ನುಗಳನ್ನು ಹೆಗಲಿಗೇರಿಸಿದ. "ಭೀಮಸಮುದ್ರದಾಗೆ ಕೇಳ್ಯಾರೆ. ಸೆಟ್ ಐತಂತೆ, ಹಾರ್ನಿಲ್ಲವಂತೆ," ಎಂದ. ಹೊಸ್ತಿಲಲ್ಲಿ ನಿಂತು ತಿರುಗಿ, "ನಾನು ಬರೋಗಂಟ ಒಳಗಿನ್ದನ್ನ ಮುಟ್ಬ್ಯಾಡ ಓಬಣ್ಣ. ಹಾರ್ನಿಲ್ದೆ ಹಚ್ಬ್ಯಾಡ," ಎಂದ. ಹೇಳಿ ಹೊರಟುಬಿಡಲಿಲ್ಲ. ಉತ್ತರಕ್ಕೆ ಕಾದ.

"ಬೇಕು ಅನಿಸಿದ್ರೆ ಹಚ್ತೀನಿ ಮಾವ. ಹೋಗ್ಬರ್ರಿ ನೀವು."

ಪಾಪಣ್ಣ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ತಲೆ ತಗ್ಗಿಸಿಕೊಂಡು ಬೀದಿಗಿಳಿದ.

ಮಧ್ಯಾಹ್ನದ ಹೊತ್ತಿಗೆ ಬಿ.ದುರ್ಗದ ಗೊಲ್ಲಪ್ಪ ಬೆವರು ಒರೆಸಿಕೊಳ್ಳುತ್ತ ಬಂದ. ಕುರಿ ಸಾಕಿ ನಾಲ್ಕು ಕಾಸು ಕಂಡ ಮನುಷ್ಯ. ಮರುದಿನ ಅವನ ಮಗಳ ಮದುವೆ, ಮೈಕ್ ಸೆಟ್ಟಿಗೆ ತಿಂಗಳ ಹಿಂದೆಯೇ ವೀಳ್ಯ ಕೊಟ್ಟು ಹೋಗಿದ್ದ. ಸೆಟ್ಟು ಸುಟ್ಟಿದೆ ಎಂದಾಗ ಅವನ ಮುಖ ಇಳಿದುಹೋಯಿತು. "ಬೀಗ್ರು ಏನಂದಾರಪ್ಪ? ಹೆಣ್ಣಿನ ಕಡೇರು ಮೈಕಿಗೂ ಗತಿಯಿಲ್ದೋರು ಅನ್ನಲ್ವ?"

ವೀಳ್ಯ ಹಿಡಿದ ಮೇಲೆ ಮಾತು ತಪ್ಪುವುದು ಮೈಕಿನವನಿಗೆ ಸಾವಿಗೆ ಸಮ. ಓಬಣ್ಣನ ಅಭಿಮಾನ ಕೆರಳಿತು. "ಕುಂತ್ಕಳ್ರಿ ಗೊಲ್ಲಪ್ಪ. ವಾಲ್ವ್ ಸೆಟ್ಟೇ ಕೊಡ್ತೀನಿ. ಹಾರ್ನು ಸಂಜೀಕೆ ಬರ್ತವೆ. ಈಗ ಅದು ಉಸಿರಾಡ್ತೈತೋ ಇಲ್ಲೋ ನೋಡ್ಬರ್ತೀನಿ."

ಪಡಸಾಲೆಯಲ್ಲಿ ಕೂತ ಗೊಲ್ಲಪ್ಪನಿಗೂ ಕಾಣುವಂತೆ ಹಿತ್ತಲ ಕೋಣೆಯ ಬಾಗಿಲಲ್ಲಿ ಹುಲಿಗೆಮ್ಮ ನಿಂತಿದ್ದಳು. ಅವನು ಬರುವುದು ತಿಳಿದಿದ್ದವಳಂತೆ. ಬೇಡ ಎಂದು ಕೈಯಾಡಿಸಿದಳು. ಕೈಗಳನ್ನು ಹಾರ್ನಿನಂತೆ ಬಾಯಿಗೆ ಹಿಡಿದು, ಇಲ್ಲ, ಎಂದು ತೋರಿಸಿದಳು. ತನ್ನ ಗಂಟಲು ಮುಟ್ಟಿಕೊಂಡಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆದರೆ ಬಾಗಿಲು ಅವಳು ಬಿಟ್ಟೇ ನಿಂತಿದ್ದಳು, ತಡೆಯಲಿಲ್ಲ. ಕಣ್ಣು ಅವನ ತುಟಿಯ ಮೇಲಿತ್ತು.

"ಹುಚ್ಚಿ," ಎಂದ ಅವನು ಪ್ರೀತಿಯಿಂದ. "ಹಚ್ಚೇ ಹಚ್ತೀನಿ. ನೋಡ್ತಿರು, ಏನೂ ಆಗಲ್ಲ."

ಅವಳು ಇನ್ನಷ್ಟು ಪಕ್ಕಕ್ಕೆ ಸರಿದಳು.

ಕೋಣೆಯೊಳಗೆ ಹಗಲೆಂಬುದೇ ಇರಲಿಲ್ಲ. ಹಳೇ ಗೋಣಿಯ ಮುಗ್ಗಲು, ಇಲಿ ಹಿಕ್ಕೆ, ಕೊಳೆತ ನಿಂಬೆಯ ಹುಳಿ ವಾಸನೆ. ಬ್ಯಾಟರಿ ಬೆಳಕಿನಲ್ಲಿ ಕೆಂಪು ಬಟ್ಟೆ ಸರಿಸಿ, ಮೇಲಿನ ಮುಚ್ಚಳ ಬಿಚ್ಚಿದ. ವಾಲ್ವುಗಳ ನಡುವೆ ಕಪ್ಪು ದಾರದಲ್ಲಿ ಕಟ್ಟಿದ ತಾಮ್ರದ ತಗಡೊಂದು ಇತ್ತು. ಮೇಲೆ ಕೊರೆದ ಚೌಕದ ಮನೆಗಳು, ಮನೆಗೊಂದು ಅಕ್ಷರ. ಸುತ್ತ ಸುತ್ತಿದ ತಲೆಗೂದಲು. "ಇದು ಯಾವ ಕಂಪನಿ ಪಾರ್ಟೋ," ಎಂದು ತನಗೆ ತಾನೇ ತಮಾಷೆ ಮಾಡಿಕೊಂಡು, ಅದನ್ನು ಹಾಗೆಯೇ ಬಿಟ್ಟು, ಮೈಕು ಸಿಕ್ಕಿಸಿ, ಪ್ಲಗ್ಗು ಒತ್ತಿದ.

ಇಲ್ಲಿ ಒಂದು ಮಾತು ಹೇಳಬೇಕು. ಟ್ರಾನ್ಸಿಸ್ಟರ್ ಸೆಟ್ಟಿಗೆ ಹಾರ್ನು ಕಟ್ಟದಿದ್ದರೂ ನಡೆಯುತ್ತದೆ, ಸುಮ್ಮನೆ ಕೂತಿರುತ್ತದೆ. ಆರು ವರ್ಷ ಓಬಣ್ಣ ಪರೀಕ್ಷೆ ಮಾಡಿದ್ದೆಲ್ಲ ಹಾಗೆಯೇ. ವಾಲ್ವಿನದು ಆ ಜಾತಿಯಲ್ಲ. ಅದರಿಂದ ಹೊರಟ ದನಿಗೆ ದಾರಿ ಬೇಕೇ ಬೇಕು. ಇಲ್ಲವಾದರೆ ಅದು ಹಿಂದಿರುಗಿ ಹೊಟ್ಟೆಯೊಳಗಿನ ತಂತಿ ಸುರುಳಿಯನ್ನೇ ಸುಡುತ್ತದೆ. ಮಾಟವಿಲ್ಲದ ಸೆಟ್ಟಿನಲ್ಲೂ ಅಷ್ಟೇ. ಹಳೆಯ ಮೆಕ್ಯಾನಿಕ್ಕುಗಳಿಗೆ ಇದು ಬಾಯಿಪಾಠ. ಓಬಣ್ಣ ಹಳಬರನ್ನು ಕೇಳಿದವನೇ ಅಲ್ಲ.

ವಾಲ್ವುಗಳು ಒಂದೊಂದಾಗಿ ಕಣ್ಣು ಬಿಟ್ಟವು. ಕೋಣೆಯ ಗೋಡೆ ಕೆಂಪಾಯಿತು. ಧೂಳು ಕಾಯುವ ವಾಸನೆ ಬಂತು, ಅರಗು ಕರಗುವ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು. ಜ್ವರ ಬಂದವರ ಬಾಯಿಯ ವಾಸನೆ. ಪೆಟ್ಟಿಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು.

"ಹಲೋ," ಎಂದ ಓಬಣ್ಣ. "ಹಲೋ, ಮೈಕ್ ಟೆಸ್ಟಿಂಗ್."

"ಹಲೋ," ಎಂದಿತು ಪೆಟ್ಟಿಗೆಯ ಹೊಟ್ಟೆ, ಅವನದೇ ದನಿಯಲ್ಲಿ, ಸೂಜಿಯಷ್ಟು ಸಣ್ಣಗೆ. ಹಾರ್ನಿಲ್ಲದಾಗ ಸುರುಳಿ ಹಾಗೆ ಉಲಿಯುವುದುಂಟು. ಅವನು ಮುಗುಳ್ನಕ್ಕ.

ಅದು ನಿಲ್ಲಲಿಲ್ಲ. "ಹಲೋ. ಮಹಾಜನಗಳೇ. ಹಲೋ." ಅವನು ಹೇಳದ ಮಾತು. ಅವನು ಹಿಂದೆಂದೋ ಹೇಳಿದ ಮಾತು. ಹೊಸದುರ್ಗದಲ್ಲಿ ಕೂಗಿದ್ದು, ಹಿರಿಯೂರಿನಲ್ಲಿ ಕೂಗಿದ್ದು, ಹುಲಿಗೆಮ್ಮನ ಕಿವಿಯಲ್ಲಿ ಮೆಲ್ಲಗೆ ಹೇಳಿದ್ದು. ಒಂದೊಂದನ್ನೂ ಪೆಟ್ಟಿಗೆ ಹೊರಗೆಳೆದು, ರುಚಿ ನೋಡಿ, ನುಂಗುತ್ತಿತ್ತು. ಆ ದನಿಗಳ ಅಡಿಯಲ್ಲಿ ಮತ್ತೊಂದು ದನಿ. ಪುಟ್ಟ ಹುಡುಗಿಯದು. ಬಾವಿಯ ತಳದಿಂದ ಬಂದಂತೆ. "ಅಪ್ಪಾ, ಬಾಗ್ಲು ತೆಗಿ."

ಓಬಣ್ಣ ಪ್ಲಗ್ಗು ಕಿತ್ತ. ವಾಲ್ವುಗಳು ಆರಲಿಲ್ಲ. ಕೆಂಪು ಹೋಗಿ ನೀಲಿಯಾದವು. ಮೈಕು ಕೈಗೆ ಅಂಟಿತ್ತು. ಕೊಡವಿದ. ಬಿಡಲಿಲ್ಲ. "ಹುಲಿಗೀ!" ಎಂದು ಕೂಗಿದ. ಕೂಗು ಪೆಟ್ಟಿಗೆಯಲ್ಲಿ ಕೇಳಿತು. ಬಾಯಿಯಲ್ಲಿ ಕೇಳಲಿಲ್ಲ. ಮತ್ತೆ ಕೂಗಿದ. ಗಂಟಲಲ್ಲಿ ಏನೋ ಸಡಿಲಾಯಿತು. ಬೇರು ಕಿತ್ತ ಹಾಗೆ. ನಾಲಿಗೆಯ ಮೇಲೆ ತಾಮ್ರದ ರುಚಿ. ಉಸಿರು ಎಳೆದ. ಉಸಿರು ಹೊರಗೆ ಹೋಯಿತು. ದನಿ ಒಳಗೆ ಹೋಯಿತು. ಪೆಟ್ಟಿಗೆಯೊಳಗೆ. ಪೂರಾ. ಒಂದು ವಾಲ್ವು ಒಡೆಯಿತು. ಇನ್ನೊಂದು. ಆರೂ.

ಕತ್ತಲು.

ಅವನು ನೆಲದಲ್ಲಿ ಕೂತು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಏನೂ ಇಲ್ಲ.

ಆಗ ಅಡುಗೆಮನೆಯಿಂದ ಒಂದು ಹೆಣ್ಣು ದನಿ ಬಂತು. ಓಬಣ್ಣ ಆ ದನಿಯನ್ನು ಅವತ್ತಿನವರೆಗೆ ಕೇಳಿರಲಿಲ್ಲ. ಆದರೂ ಯಾರದೆಂದು ಗೊತ್ತಾಯಿತು. "ಅಪ್ಪಾ," ಎಂದಿತು ಅದು. "ಅಪ್ಪಾ, ಬಂತು!"

ಅವನು ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋದ. ಒಲೆಯ ಪಕ್ಕದಲ್ಲಿ ಕಾಳಕ್ಕ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತಿದ್ದಳು. ಭೀಮಸಮುದ್ರಕ್ಕೆಂದು ಹೊರಟಿದ್ದ ಪಾಪಣ್ಣ ಅಲ್ಲೇ ಮಗಳ ಕಾಲ ಬಳಿ ಕೂತಿದ್ದ. ಅವನ ಹಿಂದೆ, ಅಕ್ಕಿ ಮೂಟೆಗಳ ಸಂದಿಯಲ್ಲಿ, ಕಂಬಳಿ ಹೊದಿಸಿದ ಎರಡು ಹಾರ್ನುಗಳು ಗೋಡೆಗೆ ಒರಗಿದ್ದವು.

ಓಬಣ್ಣ ಹಾರ್ನುಗಳನ್ನು ನೋಡಿದ. ಮಾವನನ್ನು ನೋಡಿದ. ಬಾಯಿ ಬಡಿದುಕೊಂಡು ಕೇಳಿದ, ದನಿಯಿಲ್ಲದೆ.

"ನಾವು ಹೇಳಿದ್ವಲ್ಲಪ್ಪ," ಎಂದ ಪಾಪಣ್ಣ, ನೆಲ ನೋಡುತ್ತ. "ಮೂರು ಜನ ಮೂರು ಸಲ ಬ್ಯಾಡ ಅಂದ್ವಿ."

ಆಮೇಲೆ ಅವನಿಂದ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟ. ಆ ಸೆಟ್ಟನ್ನು ಅವನೂ ಅವನ ಗೆಳೆಯ ಏಕಾಂತಪ್ಪನೂ ಕೂಡಿ ತಂದದ್ದು. ಏಕಾಂತಪ್ಪ ನಾಟಕದ ಹಾಡುಗಾರ. ಅವನು ಹಾಸಿಗೆ ಹಿಡಿದಾಗ ಪಾಪಣ್ಣ ದೇವರ ಮುಂದೆ, ಆ ಸೆಟ್ಟಿನ ಮೈಕಿನಲ್ಲೇ, ಇದು ನನ್ನೊಬ್ಬನದೇ ಎಂದು ಸುಳ್ಳು ಆಣೆ ಮಾಡಿದ. ಸಾಯುವ ಮುಂಚೆ ಏಕಾಂತಪ್ಪ ಮಾಟಗಾರನನ್ನು ಕರೆಸಿ, ಸೆಟ್ಟಿನೊಳಗೆ ತಗಡು ಕಟ್ಟಿಸಿದ: ಸುಳ್ಳು ನುಡಿದ ಮನೆಯಲ್ಲಿ ದನಿ ಉಳಿಯದಿರಲಿ. ವರ್ಷದೊಳಗೆ ಒಂಬತ್ತರ ಹುಲಿಗೆಮ್ಮ ಆಟಕ್ಕೆಂದು ಅದನ್ನು ಹಚ್ಚಿದಳು. ಹಾರ್ನು ಕಟ್ಟಿರಲಿಲ್ಲ.

"ಮಾಟ ಮಾಡಿದೋನ ಕಾಲೇ ಹಿಡಿದೆ," ಎಂದ ಪಾಪಣ್ಣ. "ದನಿಗೆ ದನಿ ಕೊಟ್ರೆ ಬಿಡ್ತೈತೆ ಅಂದ. ಕೊಡೋನು ಮನೆಯೋನೂ ಆಗಿರ್ಬೇಕು, ಹೊರಗಿನೋನೂ ಆಗಿರ್ಬೇಕು. ಉಪ್ಪು ತಿಂದು ವರ್ಷ ತುಂಬಿರ್ಬೇಕು. ಬ್ಯಾಡ ಅಂದಾಗೆಲ್ಲ ಹಚ್ತೀನಿ ಅಂತ ತನ್ನ ಬಾಯಾಗೇ ಅಂದಿರ್ಬೇಕು. ಬುದ್ಧಿ ಹೇಳಿದ್ರೆ ನಗೋನನ್ನ ಹುಡುಕು ಅಂದ. ಹೊಸದುರ್ಗದಾಗೆ ಜೀಪಿನ ಮೇಲೆ ನಿನ್ನ ಕಂಡೆ. ಅವತ್ತೇ ಹೆಣ್ಣು ಕೊಡಾಣ ಅಂದ್ಲು ನಿಮ್ಮತ್ತೆ."

ಮನೆ ಅಳಿಯ! ಅವನ ದೊಡ್ಡ ಮನಸ್ಸು, ಅವನ ವೈಚಾರಿಕತೆ, ಅವನ ನಗು, ಎಲ್ಲವನ್ನೂ ತೂಗಿ ನೋಡಿಯೇ ಆರಿಸಿದ್ದರು. ಎಚ್ಚರಿಕೆ ಕೊಟ್ಟದ್ದು ಕಾಯುವುದಕ್ಕಲ್ಲ, ಕೊಲ್ಲುವುದಕ್ಕೆ. ಓಬಣ್ಣ ಹೆಂಡತಿಯ ಕಡೆ ತಿರುಗಿದ. ಇವಳೊಬ್ಬಳಿಗೆ ಗೊತ್ತಿರಲಿಕ್ಕಿಲ್ಲ. ಇವಳು ಅತ್ತಿದ್ದಳು. ಇವಳೊಬ್ಬಳು ಅಲ್ಲ ಎಂದುಬಿಟ್ಟರೆ ಉಳಿದದ್ದನ್ನೆಲ್ಲ ಹೇಗೋ ಸಹಿಸಿಕೊಂಡೇನು ಎನಿಸಿತು.

ಹುಲಿಗೆಮ್ಮ ಅವನ ಕಣ್ಣು ತಪ್ಪಿಸಲಿಲ್ಲ. ಅವಳು ಅವನೊಂದಿಗೆ ಆಡಿದ ಮೊದಲ ಮಾತು ಇದು. "ಹಾರ್ನಿನ ವೈರಿನಾಗೆ ಪಿನ್ನು ಚುಚ್ಚಿದ್ದು ನಾನೇ ರೀ. ಗುರುವಾರ ಭದ್ರಾವತಿಗೆ ಹೋದ್ರೆ ನೀವು ವಾಪಸ್ ಬರ್ತಿರ್ಲಿಲ್ಲ. ನಂಗೂ ಮಾತಾಡ್ಬೇಕು ಅಂತ ಆಸೆ ಇರಲ್ವಾ?"

ಎಂಥ ಚೆಲುವಾದ ದನಿ! ಅದನ್ನು ಕೇಳಬೇಕೆಂದು ಅವನು ಒಂದು ವರ್ಷ ಹಂಬಲಿಸಿದ್ದ.

ಅಷ್ಟರಲ್ಲಿ ಗದ್ದಲ ಕೇಳಿ ಗೊಲ್ಲಪ್ಪ ಒಳಗೆ ಬಂದಿದ್ದ. ಅವನ ಹಿಂದೆ ಪಕ್ಕದ ಮನೆಯ ಮಲ್ಲಕ್ಕ, ಅವಳ ಹಿಂದೆ ಬೀದಿಯ ಹೆಂಗಸರು. ಮೂಕಿಗೆ ಮಾತು ಬಂತು ಎಂಬುದು ಗಳಿಗೆಯಲ್ಲಿ ಹಬ್ಬಿತು. ಯಾರೋ ತೆಂಗಿನಕಾಯಿ ಒಡೆದರು, ಯಾರೋ ಹುಲಿಗೆಮ್ಮನ ಹಣೆಗೆ ಕುಂಕುಮ ಮೆತ್ತಿದರು. ಊರಮ್ಮ ಕಣ್ಣು ಬಿಟ್ಟಳು ಎಂದರು. ಓಬಣ್ಣ ಜನರ ರಟ್ಟೆ ಹಿಡಿದು ಎಳೆದ, ಗಂಟಲು ತೋರಿಸಿದ, ಮಾವನ ಕಡೆ ಬೆರಳು ಮಾಡಿದ. ಅವರಿಗೆ ಅರ್ಥವಾಗಲಿಲ್ಲ.

"ಬ್ಯಾಡ ಬ್ಯಾಡ ಅಂದ್ರೂ ವಾಲ್ವ್ ಸೆಟ್ ಹಚ್ಚಿದ," ಎಂದಳು ಕಾಳಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು.

"ಹೌದು ಕಣಮ್ಮ," ಎಂದ ಗೊಲ್ಲಪ್ಪ. "ಆ ಹೆಣ್ಮಗಳು ಬಾಗ್ಲಾಗೆ ನಿಂತು ಕೈ ಆಡ್ಸಿದ್ದು ನಾನೇ ಕಂಡೆ."

"ಶನಿವಾರ ಹೋಟ್ಲಾಗೆ ಇವ್ನೇ ಹೇಳ್ಕಂಡು ನಗ್ತಿದ್ನಂತಲ್ಲ. ನಮ್ಮನೆಯೋರು ಹೇಳಿದ್ರು," ಎಂದಳು ಮಲ್ಲಕ್ಕ.

ಓಬಣ್ಣ ಮನೆ ಮುಂದಿನ ಮೈಕ್ ಅಂಗಡಿಗೆ ಓಡಿದ. ನಾಟಕದ ಹ್ಯಾಂಡ್‌ಬಿಲ್ಲೊಂದನ್ನು ಎಳೆದುಕೊಂಡು, ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದ. "ಇವರು ಮೂವರೂ ಕೂಡಿ ಬೇಕೆಂದೇ ನನ್ನ ದನಿ ಬಲಿ ಕೊಟ್ಟರು. ಹಾರ್ನುಗಳನ್ನು ಮೂಟೆ ಸಂದಿಯಲ್ಲಿ ಬಚ್ಚಿಟ್ಟಿದ್ದಾರೆ. ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗಿ." ತಂದು ಗೊಲ್ಲಪ್ಪನ ಕೈಗೆ ತುರುಕಿದ.

ಗೊಲ್ಲಪ್ಪ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿದ. "ನಂಗೆ ಅಕ್ಷರ ಬರಲ್ಲಪ್ಪ," ಎಂದು ಮಲ್ಲಕ್ಕನಿಗೆ ಕೊಟ್ಟ. ಮಲ್ಲಕ್ಕನಿಗೂ ಬರದು. ಅಲ್ಲಿದ್ದ ಯಾರಿಗೂ ಬರದು.

"ನಮ್ಮ ಹುಲಿಗಿ ಓದ್ತಾಳೆ, ಕೊಡ್ರಿ," ಎಂದಳು ಮಲ್ಲಕ್ಕ. "ನಾಲ್ಕನೇ ಕ್ಲಾಸ್‌ಗಂಟ ಹೋಗಿದ್ಲಲ್ಲ. ಓದೇ ತಾಯಿ, ಹಂಗಾದ್ರೂ ನಿನ್ನ ದನಿ ಕೇಳಾಣ."

ಓಬಣ್ಣ ಹಾಳೆಗೆ ಕೈಚಾಚಿದ. ಅದು ಆಗಲೇ ಅವಳ ಕೈ ಸೇರಿತ್ತು. ಹುಲಿಗೆಮ್ಮ ಮನಸ್ಸಿನಲ್ಲೇ ಒಂದು ಸಲ ಓದಿದಳು. ತಲೆಯೆತ್ತಿ ಗಂಡನನ್ನು ನೋಡಿದಳು, ಅವಳ ಕಣ್ಣಲ್ಲಿ ನೀರಿತ್ತು. ಅವನು ತಲೆಯಾಡಿಸಿದ: ಓದು. ಇದ್ದದ್ದನ್ನು ಓದು. ಇದೊಂದು ಸಲ.

ಅವಳು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, ಒಂದೊಂದೇ ಮಾತನ್ನು ಬಿಡಿಸಿ ಓದಿದಳು. "ತಪ್ಪೆಲ್ಲ ನನ್ನದೇ. ಅವರು ಬೇಡ ಅಂದರೂ ನಾನು ಕೇಳಲಿಲ್ಲ. ಇನ್ನು ಮೇಲೆ ಈ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ."

ಹೆಂಗಸರ ಕಣ್ಣು ಒದ್ದೆಯಾದವು. "ಒಳ್ಳೆ ಗಂಡಸು ಕಣೇ," ಎಂದಳು ಮಲ್ಲಕ್ಕ. "ಇಂಥಾ ಹೊತ್ನಾಗೂ ತಪ್ಪು ಒಪ್ಕಂಡ ನೋಡು." ಗೊಲ್ಲಪ್ಪ ಹತ್ತಿರ ಬಂದು, ಬಾಯಿ ತೆರೆದು ನಿಂತಿದ್ದ ಓಬಣ್ಣನ ಬೆನ್ನು ಸವರಿದ. ಹುಲಿಗೆಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಲೆಗೆ ಹಾಕಿ, ಬಂದವರಿಗೆ ಕಾಫಿಗೆ ಎಸರಿಟ್ಟಳು.